ಬಚ್ಚಲ ಒಲೆಗೆ ಬದಲಿ: ಯಾವ ಮನೆಗೆ ಯಾವುದು ಸೂಕ್ತ?

ಮಲೆನಾಡಿನ ಮನೆಗಳಲ್ಲಿ ಬೆಳಗಿನ ಜಾವ ಬಚ್ಚಲ ಹಂಡೆಯ ಕೆಳಗೆ ಹೊತ್ತಿಸಿದ ಬೆಂಕಿ ಎಷ್ಟೋ ಸಲ ರಾತ್ರಿಯವರೆಗೂ ಆರುವುದಿಲ್ಲ. ಅಡಿಗೆಗೆ ಸಿಲಿಂಡರ್ ಬಂದ ಮನೆಗಳಲ್ಲಿಯೂ ಸ್ನಾನದ ನೀರಿಗೆ ಸೌದೆಯೇ ಆಧಾರ. ಸೌದೆ ಕಡಿದು ತರುವ ಕೂಲಿ, ಸೊಪ್ಪಿನ ಬೆಟ್ಟದಲ್ಲಿ ಕಡಿಮೆಯಾಗುತ್ತಿರುವ ಮರ, ಹೊಗೆಯಲ್ಲಿ ಹೆಂಗಸರ ಕಣ್ಣು ಮತ್ತು ಶ್ವಾಸಕೋಶಕ್ಕಾಗುವ ಹಾನಿ, ಇವೆಲ್ಲವೂ ಈ ಒಂದು ಒಲೆಗೆ ನಾವು ತೆರುವ ಬೆಲೆ. ಬದಲಿ ವ್ಯವಸ್ಥೆಗಳು ಹಲವಿವೆ. ಆದರೆ ನೆರೆಮನೆಯವರು ಹಾಕಿಸಿದ್ದಾರೆಂದು ನಾವೂ ಹಾಕಿಸುವುದು ಜಾಣತನವಲ್ಲ. ಮೊದಲು ಲೆಕ್ಕ ಹಾಕಬೇಕು.

ಬೇಕಾದ ಶಾಖ ಎಷ್ಟು?

ಐದು ಜನರ ಸಂಸಾರಕ್ಕೆ, ತಲೆಗೆ 20 ಲೀಟರಿನಂತೆ, ದಿನಕ್ಕೆ 100 ಲೀಟರ್ ಬಿಸಿನೀರು ಬೇಕೆಂದು ಇಟ್ಟುಕೊಳ್ಳೋಣ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಶಾಖ ಬೇಕು. 20 ಡಿಗ್ರಿಯ ನೀರನ್ನು 45 ಡಿಗ್ರಿಗೆ ತರಲು ಒಟ್ಟು 2,500 ಕಿಲೋಕ್ಯಾಲರಿ ಬೇಕಾಗುತ್ತದೆ.

ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು 3,500 ರಿಂದ 4,000 ಕಿಲೋಕ್ಯಾಲರಿ ಶಾಖವಿರುತ್ತದೆ. ಆದರೆ ಹಳೆಯ ತೆರೆದ ಒಲೆಯಲ್ಲಿ ನೀರಿಗೆ ಸೇರುವುದು ಅದರ ನೂರಕ್ಕೆ ಹತ್ತು ಭಾಗದಷ್ಟು ಮಾತ್ರ. ಆದ್ದರಿಂದ 100 ಲೀಟರಿಗೆ 6 ರಿಂದ 7 ಕಿಲೋ ಸೌದೆ ಬೇಕು. ಹಸಿ ಸೌದೆಯಾದರೆ ಇನ್ನೂ ಹೆಚ್ಚು. ಬೆಂಕಿಯ ಶಾಖದಲ್ಲಿ ಒಂದು ಪಾಲು ಸೌದೆಯೊಳಗಿನ ನೀರನ್ನು ಆವಿ ಮಾಡಲು ಹೋಗುತ್ತದೆ.

1. ಸುಧಾರಿತ ಬಚ್ಚಲ ಒಲೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗವು ರೂಪಿಸಿದ ಒಲೆ ನಮ್ಮ ರೈತರಿಗೆ ಅಪರಿಚಿತವಲ್ಲ. ಅದೇ ತತ್ವದ ಮೇಲೆ ನೀರು ಕಾಯಿಸುವ ಒಲೆಯನ್ನೂ ಕಟ್ಟಿಸಬಹುದು. ಸೌದೆಯ ಕೆಳಗೆ ಕಬ್ಬಿಣದ ಜಾಲರಿ, ಬೂದಿ ಬೀಳಲು ಮತ್ತು ಗಾಳಿ ಒಳಬರಲು ಅದರಡಿ ಕಂಡಿ, ಹಂಡೆಯ ಸುತ್ತ ಜ್ವಾಲೆ ಹರಿಯುವಷ್ಟೇ ಕಿರಿದಾದ ಸಂದು, ಕೊನೆಯಲ್ಲಿ ಹೊಗೆ ಕೊಳವೆ, ಇವು ಇದರ ಮುಖ್ಯ ಭಾಗಗಳು. ಒಳ್ಳೆಯ ಒಲೆಯಲ್ಲಿ ನೂರಕ್ಕೆ 30 ಭಾಗ ಶಾಖ ನೀರಿಗೆ ಸೇರಿದರೂ 100 ಲೀಟರಿಗೆ ಎರಡೂಕಾಲು ಕಿಲೋ ಸೌದೆ ಸಾಕು. ದಿನಕ್ಕೆ 4 ಕಿಲೋ ಉಳಿದರೆ ವರ್ಷಕ್ಕೆ ಸುಮಾರು ಒಂದೂವರೆ ಟನ್ ಸೌದೆ ಉಳಿಯುತ್ತದೆ.

ತೆಂಗಿನ ಗರಿ, ಅಡಿಕೆ ಸಿಪ್ಪೆ, ಕಾಫಿ ಗಿಡದ ಸವರಿದ ಕಡ್ಡಿ ಇದಕ್ಕೆ ಒಳ್ಳೆಯ ಉರುವಲು. ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ತಿಂಗಳಿಗೊಮ್ಮೆ ತೆಗೆಯಬೇಕು. ಕೊಳವೆ ಮಾಡಿನ ಮರಕ್ಕೆ ತಾಗದಂತೆ ನೋಡಿಕೊಳ್ಳಬೇಕು.

2. ಸೋಲಾರ್ ಹೀಟರ್

ಒಮ್ಮೆ ಹಣ ಹಾಕಿದರೆ ಉರುವಲಿನ ಖರ್ಚಿಲ್ಲ. 100 ಲೀಟರಿನ ಚಪ್ಪಟೆ ಫಲಕದ ಸಾಧನಕ್ಕೆ ಸುಮಾರು 2 ಚದರ ಮೀಟರ್ ಫಲಕ ಬೇಕು. ಇದರಲ್ಲಿ 60 ಡಿಗ್ರಿಯವರೆಗೆ ಕಾದ 100 ಲೀಟರ್ ನೀರಿಗೆ 20 ಡಿಗ್ರಿಯ ತಣ್ಣೀರು ಬೆರೆಸಿದರೆ ಸ್ನಾನಕ್ಕೆ ಯೋಗ್ಯವಾದ 160 ಲೀಟರ್ ದೊರೆಯುತ್ತದೆ.

ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು. ಚಳಿಗಾಲದ ಬಿಸಿಲು ಚೆನ್ನಾಗಿ ಸಿಗುವಂತೆ ನಮ್ಮ ರಾಜ್ಯದಲ್ಲಿ 25 ರಿಂದ 30 ಡಿಗ್ರಿ ಓರೆ ಇಡಬಹುದು. ಬೆಳಿಗ್ಗೆ 9 ರಿಂದ ಮಧ್ಯಾಹ್ನ 3 ಗಂಟೆಯವರೆಗೆ ಮರದ ನೆರಳು ಬೀಳಬಾರದು. ತಣ್ಣೀರಿನ ತೊಟ್ಟಿ ಬಿಸಿನೀರಿನ ತೊಟ್ಟಿಗಿಂತ ಎತ್ತರದಲ್ಲಿರಬೇಕು. ಬೋರ್‌ವೆಲ್ ನೀರು ಗಡಸಾಗಿದ್ದರೆ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಕೊಳ್ಳುವ ಮೊದಲು ನೀರನ್ನು ಪರೀಕ್ಷೆ ಮಾಡಿಸಿರಿ. ಬಯಲುಸೀಮೆಗೆ ಇದು ಅತ್ಯುತ್ತಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿಯುವ ಮಲೆನಾಡಿನಲ್ಲಿ ಮಾತ್ರ ಜೊತೆಗೊಂದು ಒಲೆ ಇರಲೇಬೇಕು.

3. ಗೋಬರ್ ಗ್ಯಾಸ್

ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25 ಕಿಲೋ ಹಸಿ ಸಗಣಿ ಬೇಕು. ಒಂದು ದನದಿಂದ ದಿನಕ್ಕೆ 10 ಕಿಲೋ ಎಂದು ಹಿಡಿದರೆ ಎರಡು ಮೂರು ದನಗಳ ಸಗಣಿಯಾಯಿತು. ನಮ್ಮ 100 ಲೀಟರ್ ನೀರಿಗೇ ಸುಮಾರು ಒಂದು ಘನ ಮೀಟರ್ ಖರ್ಚಾಗುತ್ತದೆ. ಐದು ಜನರ ಅಡಿಗೆಗೆ ಮತ್ತೆ ಒಂದೂವರೆ ಘನ ಮೀಟರ್ ಬೇಕು. ಎರಡೂ ಸೇರಿದರೆ ಕೊಟ್ಟಿಗೆಯಲ್ಲಿ ಆರೇಳು ದನಗಳಾದರೂ ಇರಬೇಕು. ಆದ್ದರಿಂದ ನಾಲ್ಕು ದನವಿರುವವರು ಅನಿಲವನ್ನು ಅಡಿಗೆಗೇ ಮೀಸಲಿಡುವುದು ಲೇಸು. ಹೊರಬರುವ ಬಗ್ಗಡ ತೋಟಕ್ಕೆ ಉತ್ತಮ ಗೊಬ್ಬರ ಎಂಬುದನ್ನು ಮರೆಯಬಾರದು.

4. ವಿದ್ಯುತ್

100 ಲೀಟರಿಗೆ ಸುಮಾರು 3 ಯೂನಿಟ್ ತಗಲುತ್ತದೆ. ಬೇಸಿಗೆಯಲ್ಲಿ ಕಡಿಮೆ ಸಾಕು. ನೀರಿಗೆ ಮುಳುಗಿಸುವ ರಾಡ್ ಬಳಸುವವರು ಪ್ಲಗ್ ಕಿತ್ತ ನಂತರವೇ ನೀರು ಮುಟ್ಟಬೇಕು. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಇದನ್ನು ಬಳಸಲೇಬಾರದು.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಚಳಿಗೆಂದು ಬಾಣಂತಿಯ ಕೋಣೆಯಲ್ಲಿ, ಮುದುಕರ ಮಂಚದ ಬಳಿ ಅಗ್ಗಿಷ್ಟಿಕೆಯಲ್ಲಿ ಕೆಂಡವಿಟ್ಟು ಬಾಗಿಲು ಕಿಟಕಿ ಮುಚ್ಚುವ ರೂಢಿಯುಂಟು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣಲಿಲ್ಲವೆಂದು ಅಪಾಯವಿಲ್ಲ ಎಂದುಕೊಳ್ಳಬಾರದು. ತಲೆನೋವು, ತಲೆಸುತ್ತು, ಮಂಪರು ಬಂದು ಮಲಗಿದವರು ಮಲಗಿದಲ್ಲಿಯೇ ಸಾಯಬಹುದು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನ ಮಾಡುವುದೂ ಅಷ್ಟೇ ಅಪಾಯ. ಗೀಸರನ್ನು ಬಚ್ಚಲ ಹೊರಗೆ ಕೂಡಿಸಿರಿ. ಬಾಣಂತಿಗೆ ಕಂಬಳಿ ಮತ್ತು ಬಿಸಿನೀರಿನ ಚೀಲ ಕೆಂಡಕ್ಕಿಂತ ಕ್ಷೇಮ.

ಆಯ್ಕೆ ಹೇಗೆ?

ಬಯಲುಸೀಮೆಯಲ್ಲಿ ಸಿಹಿನೀರಿದ್ದರೆ ಸೋಲಾರ್. ಮಲೆನಾಡಿನಲ್ಲಿ ತೋಟದ ಉರುವಲಿದ್ದರೆ ಸುಧಾರಿತ ಒಲೆ, ಅನುಕೂಲವಾದಾಗ ಅದರ ಜೊತೆಗೆ ಸೋಲಾರ್. ದನಕರು ತುಂಬಿದ ಕೊಟ್ಟಿಗೆಯಿದ್ದರೆ ಗೋಬರ್ ಗ್ಯಾಸ್. ಕೈಯಲ್ಲಿ ಹೆಚ್ಚು ಹಣವಿಲ್ಲದವರು ಒಲೆಯಿಂದಲೇ ಆರಂಭಿಸಲಿ. ಒಂದು ವಾರ ನಿಮ್ಮ ಬಚ್ಚಲಿಗೆ ಹೋಗುವ ಸೌದೆಯನ್ನು ತೂಗಿ ಬರೆದಿಡಿ. ಯಾವುದನ್ನು ಆರಿಸಬೇಕೆಂಬುದನ್ನು ಆ ಚೀಟಿಯೇ ತಿಳಿಸುತ್ತದೆ.