ಚುಕ್ಕಿ ರಂಗೋಲಿ ಮತ್ತು ತ್ರೀಡಿ ಪ್ರಿಂಟರ್

ಮಕ್ಕಳೇ, ಚುಕ್ಕಿ ರಂಗೋಲಿ ಹಾಕುವಾಗ ಮೊದಲು ಸಾಲಾಗಿ ಚುಕ್ಕಿ ಇಟ್ಟು, ಆಮೇಲೆ ಎಣಿಸಿಕೊಂಡು ಗೆರೆ ಎಳೆಯುತ್ತೀರಲ್ಲವೇ? ಕಂಪ್ಯೂಟರ್ ಹೇಳಿದಂತೆ ಕೆಲಸ ಮಾಡುವ ಯಂತ್ರಗಳ ಗುಟ್ಟೂ ಅಷ್ಟೇ. ಎಡಬಲಕ್ಕೆ ಎಷ್ಟು, ಹಿಂದೆಮುಂದೆ ಎಷ್ಟು, ಮೇಲೆಕೆಳಗೆ ಎಷ್ಟು ಎಂದು ಅಂಕಿ ಕೊಟ್ಟರೆ ಯಂತ್ರದ ಮೂತಿ ಅಲ್ಲಿಗೇ ಹೋಗುತ್ತದೆ. ಮೂತಿಯಲ್ಲಿ ಕೊರೆಯುವ ಬಿಟ್ ಇದ್ದರೆ ಮರ ಕೆತ್ತುತ್ತದೆ. ಲೇಸರ್ ಇದ್ದರೆ ರಟ್ಟು, ತೆಳು ಪ್ಲೈವುಡ್ ಕತ್ತರಿಸುತ್ತದೆ. ಕರಗಿದ ಪ್ಲಾಸ್ಟಿಕ್ ಬಿಡುತ್ತಾ ಹೋದರೆ ಅದೇ ತ್ರೀಡಿ ಪ್ರಿಂಟರ್.

ಈ ಬಗೆಯ ಪ್ರಿಂಟರಿನ ಯೋಚನೆ ಹುಟ್ಟಿದ್ದು ಅಡುಗೆಮನೆಯಲ್ಲಿ. 1988ರಲ್ಲಿ ಅಮೆರಿಕದ ಸ್ಕಾಟ್ ಕ್ರಂಪ್, ಅಂಟು ಗನ್ನಿಗೆ ಪ್ಲಾಸ್ಟಿಕ್ ಮತ್ತು ಮೇಣ ತುಂಬಿ, ಪದರದ ಮೇಲೆ ಪದರ ಹಾಕಿ ಮಗಳಿಗೊಂದು ಆಟದ ಕಪ್ಪೆ ಮಾಡಿದರು.

ಇಂಥ ಪ್ರಿಂಟರಿಗೆ ಹೆಚ್ಚಾಗಿ ಹಾಕುವುದು ಪಿಎಲ್‌ಎ ಎಂಬ ಪ್ಲಾಸ್ಟಿಕ್. ನಮ್ಮ ಕತ್ತಲಗೆರೆ ಕಡೆ ಬೆಳೆಯುವ ಮೆಕ್ಕೆಜೋಳ, ಕಬ್ಬಿನಂಥ ಬೆಳೆಗಳಿಂದಲೇ ಅದನ್ನು ತಯಾರಿಸುತ್ತಾರೆ! 1.75 ಮಿ.ಮೀ. ದಪ್ಪದ ಎಳೆ ಸುಮಾರು 200 ಡಿಗ್ರಿ ಕಾವಿಗೆ ಕರಗಿ, ಚಕ್ಕುಲಿ ಒತ್ತಿದಂತೆ ಹೊರಬರುತ್ತದೆ. ಒಂದು ಪದರ 0.2 ಮಿ.ಮೀ. ಆದರೆ 2 ಸೆಂ.ಮೀ. ಎತ್ತರಕ್ಕೆ ಎಷ್ಟು ಪದರ? ನೂರು!

ನಮ್ಮ ಮನೆಯ ಹಳೇ ರೇಡಿಯೊದ ನಾಬ್ ಕಳೆದುಹೋಗಿತ್ತು. ಅಂಗಡಿಯಲ್ಲಿ ಸಿಗಲಿಲ್ಲ. ರೇಡಿಯೊ ಗುಜರಿಗೆ ಹೋಗುವುದರಲ್ಲಿತ್ತು. ಎಂಟನೇ ತರಗತಿಯ ಮೊಮ್ಮಗಳು ಅಳತೆ ತೆಗೆದಳು. “ಅಜ್ಜ, ಕಡ್ಡಿ 6 ಮಿ.ಮೀ. ಇದೆ. ತೂತೂ ಅಷ್ಟೇ ಇಟ್ರೆ ಕೂರಲ್ಲ, 6.2 ಇಡ್ತೀನಿ” ಎಂದಳು. “ನನ್ನ ಬೆರಳು ಸರಿಯಾಗಿ ಮಡಚಲ್ಲ ಕಣಮ್ಮ, ನಾಬ್ ದಪ್ಪ ಇರಲಿ, ಅಂಚಿಗೆ ಗೀರು ಹಾಕು” ಎಂದೆ. ಅವಳ ಶಾಲೆಯ ಪ್ರಿಂಟರಿನಲ್ಲಿ ತಯಾರಾದ ಆ ನಾಬ್ ನನ್ನ ಕೈಗೆ ಹೇಳಿ ಮಾಡಿಸಿದ ಹಾಗಿದೆ. ಹಿಡಿಯಲು ಯಾವುದು ಕಷ್ಟ ಎಂದು ಯಂತ್ರಕ್ಕೆ ಗೊತ್ತಿಲ್ಲ. ಅದನ್ನು ಹಿರಿಯರು ಹೇಳಬೇಕು, ಮಕ್ಕಳು ಅಳೆಯಬೇಕು. ಬ್ಯಾಂಕಿನ ಲೆಡ್ಜರಿನಂತೆ ಇಲ್ಲೂ ದಶಮಾಂಶ ಬಿಂದು ಜಾಗ ಬಿಟ್ಟು ಕದಲಬಾರದು.

2016ರಲ್ಲಿ ಆರಂಭವಾದ ಅಟಲ್ ಇನ್ನೋವೇಶನ್ ಮಿಷನ್ ಅಡಿಯಲ್ಲಿ ಆಯ್ದ ಶಾಲೆಗಳಲ್ಲಿ 6ರಿಂದ 12ನೇ ತರಗತಿಯವರಿಗೆ ಟಿಂಕರಿಂಗ್ ಲ್ಯಾಬ್‌ಗಳಿವೆ. ನಿಮ್ಮ ಶಾಲೆಯಲ್ಲಿ ಇದೆಯೇ, ವಿಚಾರಿಸಿ.

ಕೆಲವು ಎಚ್ಚರಿಕೆಗಳು: ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಬಿಸಿ ಕಾಫಿಯ ಲೋಟಕ್ಕೆ ಬೇಡ. ತಿಪ್ಪೆಗೆ ಹಾಕಿದರೆ ಬೇಗ ಕೊಳೆಯುವುದಿಲ್ಲ, ಬೇಡದ್ದನ್ನು ಮಾಡಬೇಡಿ. ಬಿಸಿ ಮೂತಿ, ಲೇಸರ್ ಬಳಿ ದೊಡ್ಡವರಿಲ್ಲದೆ ಹೋಗಬೇಡಿ. ಲೇಸರಿಗೆ ಪಿವಿಸಿ ಒಡ್ಡಲೇಬಾರದು, ವಿಷದ ಹೊಗೆ ಬರುತ್ತದೆ.

ಈ ಭಾನುವಾರ ಅಜ್ಜ ಅಜ್ಜಿಯ ಜೊತೆ ಮನೆಯೆಲ್ಲ ಸುತ್ತಿ. ಮುರಿದ ಹಿಡಿ, ಜಾರುವ ಮುಚ್ಚಳ ಏನಾದರೂ ಕಂಡರೆ ಸ್ಕೇಲ್ ಹಿಡಿದು ಅಳೆದು, ಗ್ರಾಫ್ ಹಾಳೆಯ ಮೇಲೆ ಬರೆಯಿರಿ. ಅರ್ಧ ಕೆಲಸ ಮುಗಿದಂತೆ.