ಒಲ್ಲೆನೆಂದರೆ ಹೀನವೆಂದಲ್ಲ

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, "ಊರಿಗೆ ಹೋಗಿ ತಿಳಿಸುತ್ತೇವೆ" ಎಂದು ಎದ್ದು ಹೋಗುತ್ತಾರೆ. ತಿಂಗಳು ಕಳೆದರೂ ಸುದ್ದಿಯಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಎಷ್ಟೋ ಮನೆಗಳು ಉಂಡ ನೋವಿದು. ಒಳಕೋಣೆಯಲ್ಲಿ ಕುಳಿತ ಮಗಳು ತನ್ನಲ್ಲೇ ಕೊರತೆಯಿದೆಯೆಂದು ಕೊರಗುತ್ತಾಳೆ. ಸಂದರ್ಶನಕ್ಕೆ ಹೋಗಿ ಕೆಲಸ ಸಿಗದೆ ಮರಳಿದ ಮಗನೂ ಹಾಗೆಯೇ. ತಿರಸ್ಕಾರವನ್ನು ನಾವು ಯೋಗ್ಯತೆಯ ಅಳತೆಗೋಲೆಂದು ಭಾವಿಸಿಬಿಟ್ಟಿದ್ದೇವೆ.

ವೈದ್ಯಶಾಸ್ತ್ರದಲ್ಲಿಯೂ ಇದೇ ಮಾತುಂಟು, ಅರ್ಥ ಬೇರೆ. ತಾಯಿಯೇ ಮೂತ್ರಪಿಂಡವನ್ನು ದಾನ ಮಾಡಿದರೂ ಮಗನ ದೇಹ ಅದನ್ನು ತಿರಸ್ಕರಿಸಬಹುದು. ಅಂಗದಲ್ಲಿ ದೋಷವಿಲ್ಲ, ತಾಯಿಯ ಮಮತೆಯಲ್ಲಿ ಕೊರತೆಯಿಲ್ಲ. ರೋಗಾಣುಗಳಿಂದ ದೇಹವನ್ನು ಕಾಯುವ ಬಿಳಿರಕ್ತಕಣಗಳು ಹೊಸ ಅಂಗವನ್ನು ಪರಕೀಯವೆಂದು ಬಗೆದು ಅದರ ಮೇಲೆ ಬೀಳುತ್ತವೆ, ಅಷ್ಟೆ. 1954ರಲ್ಲಿ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರು ಮಾಡಿದ ಮೂತ್ರಪಿಂಡದ ಕಸಿಯನ್ನು ದೇಹ ತಿರಸ್ಕರಿಸಲಿಲ್ಲ. ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದರು.

ನಮ್ಮ ತೋಟಗಾರರಿಗೆ ಇದು ಹೊಸತಲ್ಲ. ಮಾವಿನ ಕುಡಿಯನ್ನು ಮಾವಿನ ಸಸಿಗೆ ಕಟ್ಟಿದರೆ ಕೂಡುತ್ತದೆ. ಹುಣಿಸೆಗೆ ಕಟ್ಟಿದರೆ ಒಣಗುತ್ತದೆ. ಅದಕ್ಕಾಗಿ ಯಾರೂ ಮಾವನ್ನು ಹಳಿಯುವುದಿಲ್ಲ, ಹುಣಿಸೆಯನ್ನೂ ಹಳಿಯುವುದಿಲ್ಲ.

ಹಾಗೆಂದು ವೈದ್ಯರು ಕೈಕಟ್ಟಿ ಕುಳಿತಿಲ್ಲ. ಮೊದಲು ರಕ್ತದ ಗುಂಪನ್ನೂ ಅಂಗಾಂಶಗಳ ಹೊಂದಾಣಿಕೆಯನ್ನೂ ಪರೀಕ್ಷಿಸುತ್ತಾರೆ. ಬಳಿಕ ದೇಹದ ಪ್ರತಿರೋಧವನ್ನು ತಗ್ಗಿಸುವ ಔಷಧಿ ಕೊಡುತ್ತಾರೆ. 1980ರ ದಶಕದಲ್ಲಿ ಬಳಕೆಗೆ ಬಂದ ಸೈಕ್ಲೋಸ್ಪೋರಿನ್, ಆಮೇಲೆ ಬಂದ ಟ್ಯಾಕ್ರೋಲಿಮಸ್ ಅಸಂಖ್ಯ ಜೀವಗಳನ್ನು ಉಳಿಸಿವೆ. ಈ ಮಾತ್ರೆಗಳನ್ನು ಕಸಿಯಾದ ಅಂಗವಿರುವಷ್ಟು ಕಾಲವೂ ಸೇವಿಸಬೇಕು. "ಈಗ ಚೆನ್ನಾಗಿದ್ದೇನಲ್ಲ" ಎಂದು ತಾವಾಗಿ ನಿಲ್ಲಿಸಿದರೆ ವರ್ಷಗಳ ನಂತರವೂ ತಿರಸ್ಕಾರ ತಲೆಯೆತ್ತಬಹುದು. ಮೂತ್ರ ಕಡಿಮೆಯಾಗುವುದು, ಕಾಲು ಊದಿಕೊಳ್ಳುವುದು, ಜ್ವರ ಇವು ಕಂಡರೆ ತಡಮಾಡಬಾರದು. ಕೆಲವೊಮ್ಮೆ ಯಾವ ಲಕ್ಷಣವೂ ತೋರದಿರುವುದರಿಂದ ರಕ್ತಪರೀಕ್ಷೆಯನ್ನು ತಪ್ಪಿಸಲೇಬಾರದು. ಬೇಗ ತಿಳಿದರೆ ಅನೇಕ ವೇಳೆ ಸರಿಪಡಿಸಬಹುದು.

ಈ ಎರಡು ಅರ್ಥಗಳೂ ಕೂಡಿದ ಒಂದು ಬದುಕು ನಮ್ಮ ನೆರೆಯಲ್ಲೇ ಇತ್ತು. ಹೊಸದುರ್ಗಕ್ಕೆ ಹೊಂದಿಕೊಂಡ ಕಡೂರು ತಾಲ್ಲೂಕಿನ ಪಂಚನಹಳ್ಳಿಯ ನಟ ಸಂಚಾರಿ ವಿಜಯ್ ಅವರು 'ನಾನು ಅವನಲ್ಲ, ಅವಳು' ಚಿತ್ರದಲ್ಲಿ ಮನೆ ಮತ್ತು ಸಮಾಜಗಳ ತಿರಸ್ಕಾರವನ್ನು ಉಂಡ ಲಿಂಗಪರಿವರ್ತಿತೆಯ ಪಾತ್ರ ವಹಿಸಿ, 2014ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. 2021ರ ಜೂನ್‌ನಲ್ಲಿ ಬೆಂಗಳೂರಿನ ರಸ್ತೆ ಅಪಘಾತದಲ್ಲಿ ಅವರ ಮಿದುಳು ನಿಷ್ಕ್ರಿಯಗೊಂಡಾಗ ಬಂಧುಗಳು ಅಂಗಾಂಗ ದಾನಕ್ಕೆ ಒಪ್ಪಿದರು. ದುಃಖದ ನಡುವೆ ಅವರಾಡಿದ 'ಆಗಲಿ' ಎಂಬ ಮಾತು ದೊಡ್ಡದು.

ನಮ್ಮ ಮನೆಗಳಲ್ಲಿಯೂ ಇದನ್ನು ಕಲಿಯೋಣ. ಸಂಬಂಧ ಒಪ್ಪಿಗೆಯಾಗದಿದ್ದರೆ ವಾರದೊಳಗೆ ವಿನಯದಿಂದ ಹೇಳಿಕಳುಹಿಸೋಣ. ಮೌನದಿಂದ ಕೊಲ್ಲುವುದು ಬೇಡ. 'ಇಲ್ಲ' ಎಂಬ ಉತ್ತರ ಬಂದ ಮಕ್ಕಳಿಗೆ, ಹೊಂದಿಕೆಯಾಗಲಿಲ್ಲವೇ ಹೊರತು ನೀವು ಕಡಿಮೆಯಲ್ಲವೆಂದು ಹತ್ತಿರ ಕುಳಿತು ತಿಳಿಸೋಣ. ಕಸಿ ಮಾಡಿಸಿಕೊಂಡು ಬಂದವರನ್ನು ರೋಗಿಷ್ಠರೆಂದು ಶುಭಕಾರ್ಯಗಳಿಂದ ದೂರವಿಡದಿರೋಣ. ಅವರ ದೇಹವೇ ಪರರ ಅಂಗವನ್ನು ತನ್ನದೆಂದು ಒಪ್ಪಿಕೊಂಡಿರುವಾಗ, ಅವರನ್ನು ನಮ್ಮವರೆಂದು ಒಪ್ಪಿಕೊಳ್ಳುವುದು ನಮಗೇಕೆ ಕಷ್ಟವಾಗಬೇಕು?