ಹೌಸ್‌ಕೀಪಿಂಗ್ ಅಕ್ಕನ ಕೆಲಸ ಯಾವುದು, ಯಾವುದಲ್ಲ

ಮುಂದಿನ ವರ್ಷ ಈ ಹೊತ್ತಿಗೆ ನಮ್ಮಲ್ಲಿ ಬಹಳ ಜನ ಯಾವುದಾದರೂ ಆಫೀಸಿನಲ್ಲಿ ಇಂಟರ್ನ್‌ಶಿಪ್ ಮಾಡ್ತಾ ಇರ್ತೀವಿ. ಮೇಲ್ ಹೇಗೆ ಬರೀಬೇಕು, ಮೀಟಿಂಗ್‌ನಲ್ಲಿ ಹೇಗೆ ಕೂರಬೇಕು ಅಂತೆಲ್ಲ ಪ್ಲೇಸ್‌ಮೆಂಟ್ ಟ್ರೇನಿಂಗ್‌ನಲ್ಲಿ ಹೇಳಿಕೊಡ್ತಾರೆ. ನಾವು ಹೋಗುವ ಮುಂಚೆಯೇ ಬಂದು ನಮ್ಮ ಟೇಬಲ್ ಒರೆಸಿ ಹೋದವರ ಹತ್ತಿರ ಏನು ಕೇಳಬಹುದು, ಏನು ಕೇಳಬಾರದು ಅನ್ನೋದನ್ನ ಯಾರೂ ಹೇಳಿಕೊಡಲ್ಲ. ನಮಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಒಂದು ತಪ್ಪು ಮಾಡಿದೆವು.

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಬ್ಲಾಕಿನ ಎರಡನೇ ಮಹಡಿಯ ವಾಶ್‌ರೂಮ್ ಮೂರು ದಿನ ಗಲೀಜಾಗಿತ್ತು. ನಾವು ಫೋಟೋ ತೆಗೆದು ಕ್ಲಾಸ್ ಗ್ರೂಪಿಗೆ ಹಾಕಿದೆವು. ಒಂದು ಫೋಟೋದಲ್ಲಿ ಅಲ್ಲಿ ಕೆಲಸ ಮಾಡುವ ಅಕ್ಕನೂ ಬಿದ್ದಿದ್ದರು. ಅದು ಒಂದು ಫೋನಿಂದ ಇನ್ನೊಂದಕ್ಕೆ ದಾಟಿ ಮೇಲಿನವರಿಗೆ ಹೋಯಿತು. ಮುಂದಿನ ಸೋಮವಾರದಿಂದ ಅಕ್ಕ ಬರಲಿಲ್ಲ, ಬೇರೆಯವರು ಬಂದರು. ಆಮೇಲೆ ಗೊತ್ತಾದ ವಿಷಯ ಏನಂದ್ರೆ, ಆ ಮೂರು ದಿನ ಪಂಪು ಕೆಟ್ಟು ಮಹಡಿಗೆ ನೀರೇ ಹತ್ತುತ್ತಿರಲಿಲ್ಲ. ಅಕ್ಕ ಕೆಳಗಿಂದ ಬಕೆಟ್‌ನಲ್ಲಿ ನೀರು ಹೊತ್ತು ತರ್ತಿದ್ದರಂತೆ. ಇಂಜಿನಿಯರಿಂಗ್ ಓದುವ ನಮಗೆ ಪಂಪು ನೋಡಬೇಕು ಅಂತ ಹೊಳೆಯಲೇ ಇಲ್ಲ.

ಇದೇ ತಲೆಯಲ್ಲಿ ಇಟ್ಟುಕೊಂಡು ರಜೆಯಲ್ಲಿ ನಾವು ನಾಲ್ವರು ಒಬ್ಬ ಗೆಳೆಯನ ಊರು ಗುರುಗುಂಟಾಕ್ಕೆ ಹೋಗಿದ್ದೆವು. ಲಿಂಗಸುಗೂರು ತಾಲ್ಲೂಕಿನ ಊರು. ಗುರುಗುಂಟಾ ಅಮರೇಶ್ವರ ಅಂದರೆ ರಾಯಚೂರು ಕಡೆಯವರಿಗೆ ಹೇಳಬೇಕಾಗಿಲ್ಲ. ಚಿನ್ನದ ಗಣಿಯ ಹಟ್ಟಿ ದೂರ ಇಲ್ಲ. ನಿಜಾಮರ ಕಾಲದಲ್ಲಿ ಇದೊಂದು ಸಣ್ಣ ಸಂಸ್ಥಾನ ಆಗಿತ್ತು. ಗೆಳೆಯನ ಪಕ್ಕದ ಮನೆಯ ಅಕ್ಕ ದಿನಾ ಬೆಳಿಗ್ಗೆ ಬಸ್ ಹತ್ತಿ ಒಂದು ಖಾಸಗಿ ಆಫೀಸ್ ಕ್ಲೀನ್ ಮಾಡೋಕೆ ಹೋಗ್ತಾರೆ. ಸಂಜೆ ಕಟ್ಟೆ ಮೇಲೆ ಕೂತು ನಿಮ್ಮ ಕೆಲಸ ಏನೇನು ಅಂತ ಕೇಳಿದೆವು.

“ಕಸ ಹೊಡೀಬೇಕು, ಫರಸಿ ಒರಸಬೇಕು, ಸಂಡಾಸ ತೊಳೀಬೇಕು. ಇಷ್ಟ ಅಂತ ಹೇಳಿ ಕರಕೊಂಡಾರ ತಮ್ಮಾ. ಆಮ್ಯಾಲ ಚಾ ತಗೊಂಬಾ ಅಂತಾರ, ಡಬ್ಬಿ ತೊಳಿ ಅಂತಾರ, ಗಾಡಿ ಒರಸು ಅಂತಾರ. ಒಲ್ಲೆ ಅಂದ್ರ ನಾಳಿಂದ ಬರಬ್ಯಾಡ ಅಂದ್ರ ಏನ್ಮಾಡೂದು?”

ಹನ್ನೊಂದು ಕೋಣೆ, ನಾಲ್ಕು ಸಂಡಾಸ. ಆಫೀಸ್ ಬಾಗಿಲು ತೆಗೆಯೋದು 8:30ಕ್ಕೆ, ಜನ ಬರೋದು 10ಕ್ಕೆ. ನಮಗೆ ಸುಮ್ಮನಿರೋಕಾಗದೆ ಲೆಕ್ಕ ಹಾಕಿದೆವು. ಒಂದು ಸಂಡಾಸಕ್ಕೆ 10 ನಿಮಿಷ ಅಂದರೂ 40 ನಿಮಿಷ ಹೋಯ್ತು. ಉಳಿದದ್ದು 50 ನಿಮಿಷ. ಅಂದರೆ ಒಂದು ಕೋಣೆಗೆ ನಾಲ್ಕೂವರೆ ನಿಮಿಷ, ಅದರಲ್ಲೇ ಗುಡಿಸಬೇಕು, ಒರೆಸಬೇಕು, ಡಸ್ಟ್‌ಬಿನ್ ಖಾಲಿ ಮಾಡಬೇಕು, ನೀರು ಬದಲಾಯಿಸಬೇಕು. ಕಪಾಟಿನ ಹಿಂದೆ ಧೂಳು ಇದೆ ಅಂತ ಬೈಯುವವರು ಈ ನಾಲ್ಕೂವರೆ ನಿಮಿಷವನ್ನ ಒಂದು ಸಲ ತಾವೇ ಮಾಡಿ ನೋಡಲಿ. ನಾವು ಹಾಸ್ಟೆಲ್ ರೂಮಿನಲ್ಲಿ ಟ್ರೈ ಮಾಡಿದೆವು. ಗುಡಿಸೋದೇ ಮುಗಿಯಲಿಲ್ಲ.

ಹಾಗಾದರೆ ನ್ಯಾಯವಾಗಿ ಏನು ನಿರೀಕ್ಷಿಸಬಹುದು? ಇದಕ್ಕೆ ಉತ್ತರ ನಮ್ಮ ಮನಸ್ಸಿನಲ್ಲಿ ಇರಲ್ಲ, ಒಂದು ಕಾಗದದಲ್ಲಿ ಇರುತ್ತೆ. ಆಫೀಸು ಮತ್ತು ಏಜೆನ್ಸಿ ನಡುವೆ ಆಗುವ ಗುತ್ತಿಗೆಯಲ್ಲಿ ಕೆಲಸದ ಪಟ್ಟಿ ಇರುತ್ತೆ. ದಿನಾ ಮಾಡೋದು, ವಾರಕ್ಕೊಮ್ಮೆ ಮಾಡೋದು, ತಿಂಗಳಿಗೊಮ್ಮೆ ಮಾಡೋದು ಬೇರೆ ಬೇರೆ. ಗುಡಿಸೋದು, ಒರೆಸೋದು, ಟಾಯ್ಲೆಟ್ ಸಾಮಾನ್ಯವಾಗಿ ದಿನದ ಪಟ್ಟಿಯಲ್ಲಿ. ಕಿಟಕಿ ಗಾಜು, ಫ್ಯಾನು, ಜೇಡರ ಬಲೆ ವಾರಕ್ಕೋ ತಿಂಗಳಿಗೋ. ಫ್ಯಾನ್ ಮೇಲೆ ಧೂಳು ಕಂಡರೆ ಅಕ್ಕ ಕೆಲಸ ತಪ್ಪಿಸಿದ್ದಾರೆ ಅಂತ ಅರ್ಥ ಅಲ್ಲ, ಫ್ಯಾನ್ ಸರದಿ ಇನ್ನೂ ಬಂದಿಲ್ಲ ಅಂತಲೂ ಇರಬಹುದು. ನಮ್ಮ ಟಿಫಿನ್ ಬಾಕ್ಸ್, ಬೈಕು, ಬರ್ತ್‌ಡೇ ಕೇಕಿನ ಕ್ರೀಮ್ ಗೋಡೆಗೆ ಮೆತ್ತಿದ್ದು, ಇವು ಯಾವ ಪಟ್ಟಿಯಲ್ಲೂ ಇರಲ್ಲ. ಲ್ಯಾಬಿನಲ್ಲಿ ನಾವು ಸೋಲ್ಡರ್ ಮಾಡಿ ಕತ್ತರಿಸಿ ಬಿಸಾಕುವ ತಂತಿ ಚೂರುಗಳೂ ಅಷ್ಟೇ. ಅವು ಗುಡಿಸುವವರ ಕೈಗೆ ಚುಚ್ಚುತ್ತವೆ. (ಇದನ್ನು ಬರೆಯುವಾಗ ನಮ್ಮಲ್ಲೊಬ್ಬ ತಲೆ ತಗ್ಗಿಸಿದ, ಹೆಸರು ಬೇಡ.)

ಒಂದು ಕೆಲಸ ಮಾತ್ರ ಯಾವ ಪಟ್ಟಿಯಲ್ಲೂ ಬರೆಯುವ ಹಾಗೇ ಇಲ್ಲ. ಸೆಪ್ಟಿಕ್ ಟ್ಯಾಂಕಿಗೋ ಮ್ಯಾನ್‌ಹೋಲಿಗೋ ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯರನ್ನು ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಈ ಪದ್ಧತಿ ವಿರುದ್ಧ ದೇಶದ ತುಂಬ ಓಡಾಡಿದ ಬೆಜವಾಡ ವಿಲ್ಸನ್ ನಮ್ಮ ಕೋಲಾರ ಚಿನ್ನದ ಗಣಿಯ ಊರಲ್ಲಿ ಹುಟ್ಟಿದವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಟಾಯ್ಲೆಟ್ ಕಟ್ಟಿಕೊಂಡಿದ್ದರೆ “ಅಕ್ಕ ಒಂಚೂರು ನೋಡಿ” ಅನ್ನೋ ಮುಂಚೆ ಅದು ಪೈಪಿನ ಸಮಸ್ಯೆಯೋ ಟ್ಯಾಂಕಿನದ್ದೋ ತಿಳಿದುಕೊಂಡು ಪ್ಲಂಬರ್‌ಗೋ ಸಕ್ಕಿಂಗ್ ಮಷಿನ್‌ಗೋ ಹೇಳಬೇಕು.

ಸಂಬಳದ ವಿಷಯಕ್ಕೆ ಬಂದರೆ, ಅಕ್ಕನಿಗೆ ಸಂಬಳ ಕೊಡೋದು ಆಫೀಸಲ್ಲ, ಏಜೆನ್ಸಿ. ಹಾಗಂತ ಆಫೀಸು ಕೈ ತೊಳಕೊಳ್ಳೋಕೆ ಆಗಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮುಖ್ಯ ಸಂಸ್ಥೆಯೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು. ಅದರ ಜಾಗಕ್ಕೆ ಬಂದ, 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಯಲ್ಲೂ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐ ಒಳಗೆ ಬರ್ತಾರೆ. ನೌಕರರ ಸಂಬಳದಿಂದ ಶೇ 0.75 ಹಿಡೀತಾರೆ, ಮಾಲೀಕರ ಕಡೆಯಿಂದ ಶೇ 3.25 ಸೇರಬೇಕು. ಪಿಎಫ್‌ಗೆ ಸಾಮಾನ್ಯವಾಗಿ ಎರಡೂ ಕಡೆಯಿಂದ ಶೇ 12. ಹಿಡಿದದ್ದು ನಿಜವಾಗಿ ಕಟ್ಟಿದ್ದಾರಾ ಅಂತ ಪಿಎಫ್ ನಂಬರ್ ಹಾಕಿ ಫೋನಲ್ಲೇ ನೋಡಬಹುದು. ನಮಗೆ ಇದು ಎರಡು ನಿಮಿಷದ ಕೆಲಸ, ಆ ಅಕ್ಕನಿಗೆ ಹಾಗೆ ನೋಡಬಹುದು ಅನ್ನೋದೇ ಗೊತ್ತಿರಲಿಲ್ಲ.

ನಮಗೆ ಆಶ್ಚರ್ಯ ಆದದ್ದು ಇನ್ನೊಂದು. 1976ರ ಡಿಸೆಂಬರ್ 9ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ತನ್ನ ವ್ಯಾಪ್ತಿಯ ಸಂಸ್ಥೆಗಳ ಕಟ್ಟಡಗಳಲ್ಲಿ ಗುಡಿಸೋದು, ತೊಳೆಯೋದು, ಧೂಳು ಒರೆಸೋದನ್ನ ಗುತ್ತಿಗೆಯವರಿಂದ ಮಾಡಿಸಬಾರದು ಅಂತ. ಅಂದರೆ ಅದು ಸಂಸ್ಥೆಯ ಸ್ವಂತ ನೌಕರರ ಕೆಲಸ ಆಗಬೇಕಿತ್ತು. ಒಂದೊಂದು ಸಂಸ್ಥೆಯ ಪರಿಸ್ಥಿತಿ ಬೇರೆ ಬೇರೆಯಾಗಿ ನೋಡದೆ ಎಲ್ಲಕ್ಕೂ ಒಟ್ಟಿಗೆ ಹೊರಡಿಸಿದ್ದು ಅನ್ನೋ ಕಾರಣಕ್ಕೆ 2001ರ ಆಗಸ್ಟ್ 30ರಂದು ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈಗಿನ ಸಂಹಿತೆಯಲ್ಲಂತೂ ಗುಡಿಸೋದು ತೊಳೆಯೋದು ಸಾಮಾನ್ಯ ಸಂಸ್ಥೆಯ ‘ಮುಖ್ಯ ಚಟುವಟಿಕೆ’ ಅಲ್ಲ ಅಂತ ವ್ಯಾಖ್ಯಾನದಲ್ಲೇ ಬರೆದಿದ್ದಾರೆ. ಒಂದು ದಿನ ಟಾಯ್ಲೆಟ್ ತೊಳೆಯದಿದ್ದರೆ ಆಫೀಸಿನ ಯಾವ ಮುಖ್ಯ ಚಟುವಟಿಕೆ ನಡೆಯುತ್ತೋ ನೋಡಬೇಕು.

ಈಗ ನಮ್ಮ ಸಿಲೆಬಸ್‌ಗೆ ಸೇರಿದ ವಿಷಯ. ಅಕ್ಕ ಮಾತಾಡ್ತಾ ಎರಡು ಮೂರು ಸಲ ಕೆಮ್ಮಿದರು. ಧೂಳಿಗೇನೋ ಅಂದುಕೊಂಡೆವು. ಆಮೇಲೆ ಅವರೇ ಹೇಳಿದರು: “ಸಂಡಾಸಕ್ಕ ಬ್ಲೀಚಿಂಗ್ ಪೌಡರ್ ಹಾಕಿ, ಅದರ ಮ್ಯಾಲ ಆಸಿಡ್ ಹಾಕ್ತೀನಿ. ಎರಡೂ ಹಾಕಿದ್ರ ಬೆಳ್ಳಗ ಆಕ್ಕೈತಿ ಅಂತ ಸಾಹೇಬ್ರು ಹೇಳ್ಯಾರ. ಬಗ್ಗಿ ತಿಕ್ಕುಮುಂದ ಎದಿ ಹಿಡಕೊಂಡಂಗ ಆಕ್ಕೈತಿ, ಕಣ್ಣಾಗ ನೀರು ಬರ್ತಾವ.”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬ್ಲೀಚಿಂಗ್ ಪೌಡರ್‌ನಲ್ಲಿ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಇರುತ್ತೆ, ಟಾಯ್ಲೆಟ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಎರಡೂ ಸೇರಿದರೆ ಹೊರಗೆ ಬರೋದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಹತ್ತಿರ ಜರ್ಮನ್ ಸೈನ್ಯ ಶತ್ರುಗಳ ಕಂದಕಗಳ ಕಡೆಗೆ ಬಿಟ್ಟಿದ್ದು ಇದನ್ನೇ. ಕ್ಲೋರಿನ್‌ನ ಅಣುತೂಕ 71, ಗಾಳಿಯದ್ದು ಸರಾಸರಿ 29. ಸುಮಾರು ಎರಡೂವರೆ ಪಟ್ಟು ಭಾರ ಇರೋದರಿಂದ ಅದು ಕೆಳಗೆ ಕೂರುತ್ತೆ. ಬಾಗಿಲಲ್ಲಿ ನಿಂತು “ಇನ್ನೂ ತಿಕ್ಕು” ಅನ್ನುವವರಿಗೆ ಅಷ್ಟು ತಾಗಲ್ಲ, ಬಗ್ಗಿ ತಿಕ್ಕುವವರ ಮೂಗಿಗೆ ತಾಗುತ್ತೆ. ಕಿಟಕಿ ಇಲ್ಲದ ಸಣ್ಣ ಸಂಡಾಸದಲ್ಲಿ ಇದು ಜೀವಕ್ಕೇ ಅಪಾಯ. ಅಮೋನಿಯಾ ಇರುವ ಕ್ಲೀನರ್ ಜೊತೆ ಬ್ಲೀಚ್ ಸೇರಿದರೂ ಕ್ಲೋರಮೈನ್ ಅನ್ನೋ ವಿಷದ ಹೊಗೆ ಬರುತ್ತೆ. ಇವನ್ನೆಲ್ಲ ಬೇರೆ ಬೇರೆಯಾಗಿಯೇ ಬಳಸಬೇಕು, ಒಂದನ್ನು ಹಾಕಿ ನೀರಲ್ಲಿ ಪೂರ್ತಿ ತೊಳೆಯದೆ ಇನ್ನೊಂದು ಮುಟ್ಟಬಾರದು. ನಾವು ಪಿಯುಸಿಯಲ್ಲಿ ಈ ಸಮೀಕರಣ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೀವಿ. ಅಕ್ಕ ಅದನ್ನೇ ದಿನಾ ಉಸಿರಾಡ್ತಿದ್ದರು.

‘ಬೆಳ್ಳಗೆ ಆಗಬೇಕು’ ಅನ್ನೋ ನಿರೀಕ್ಷೆಯಲ್ಲೇ ಒಂದು ತೊಂದರೆ ಇದೆ. ಗಡಸು ಬೋರ್ ನೀರಿನಿಂದ ಕೂರುವ ಬಿಳಿ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಫಿನಾಯಿಲ್ ಹಾಕಿ ಎಷ್ಟು ಒರೆಸಿದರೂ ಹೋಗಲ್ಲ, ಆಮ್ಲ ಬೇಕು. ಆದರೆ ನಮ್ಮ ಕಡೆ ಎಷ್ಟೋ ಕಟ್ಟಡಗಳಲ್ಲಿ ನೆಲಕ್ಕೆ ಹಾಕಿರೋದು ಶಹಾಬಾದ್ ಫರಸಿ. ಅದು ಸುಣ್ಣದ ಕಲ್ಲು, ಅಂದರೆ ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಯಾವುದು ಕಲೆ, ಯಾವುದು ಕಲ್ಲು ಅಂತ ಆಸಿಡ್‌ಗೆ ಗೊತ್ತಾಗಲ್ಲ, ಎರಡನ್ನೂ ತಿನ್ನುತ್ತೆ. ಆಸಿಡ್ ಹಾಕಿ ಹೊಳೆಯಿಸಿದ ಫರಸಿ ಆಮೇಲೆ ಒರಟಾಗಿ ಇನ್ನೂ ಹೆಚ್ಚು ಕೊಳೆ ಹಿಡಿಯುತ್ತೆ, ಅದಕ್ಕೂ ಬೈಗುಳ ತಿನ್ನೋದು ಒರೆಸುವವರೇ. ಹಳೇ ಫರಸಿ ಟೈಲ್ಸ್ ಥರ ಹೊಳೆಯಬೇಕು ಅಂತ ಕೇಳೋದು ಸರಿಯಲ್ಲ. ಕೊಳೆ ಇಲ್ಲದೆ, ಜಾರದೆ ಇದ್ದರೆ ಅದು ಒಳ್ಳೆ ಕೆಲಸ. ಟಾಯ್ಲೆಟ್ ಒರೆಸಿದ ಬಟ್ಟೆಯಲ್ಲೇ ಟೇಬಲ್ ಒರೆಸಬಾರದು ಅನ್ನೋದನ್ನ ಮಾತ್ರ ಧೈರ್ಯವಾಗಿ ಕೇಳಬಹುದು. ಆದರೆ ಎರಡು ಬಟ್ಟೆ, ಎರಡು ಬಕೆಟ್, ಗ್ಲೌಸ್ ಕೊಡಿಸಬೇಕಾದವರು ಏಜೆನ್ಸಿಯವರು. ಕೊಟ್ಟಿದ್ದಾರಾ ಅಂತ ಮೊದಲು ನೋಡಿ.

ಕಂಪ್ಲೇಂಟ್ ಮಾಡಲೇಬಾರದಾ? ಮಾಡಬೇಕು. ಗಲೀಜು ವಾಶ್‌ರೂಮ್ ಸಹಿಸಿಕೊಂಡಿರಬೇಕು ಅಂತ ನಾವು ಹೇಳ್ತಾ ಇಲ್ಲ. ಆದರೆ ಜಾಗದ ಬಗ್ಗೆ ಬರೀಬೇಕು, ಮನುಷ್ಯರ ಬಗ್ಗೆ ಅಲ್ಲ. ಯಾವ ಮಹಡಿ, ಎಷ್ಟು ಹೊತ್ತಿಗೆ, ನೀರು ಬರ್ತಿದೆಯಾ, ಸಾಮಾನು ಇದೆಯಾ, ಇಷ್ಟನ್ನು ಸೂಪರ್‌ವೈಸರ್‌ಗೋ ಮೇಂಟೆನೆನ್ಸ್‌ನವರಿಗೋ ಕೊಡಬೇಕು. ಗ್ರೂಪಿನಲ್ಲಿ ಯಾರ ಮುಖವೂ ಬರಬಾರದು. ಅದಕ್ಕೂ ಮುಂಚೆ ಅಲ್ಲಿ ಕೆಲಸ ಮಾಡುವವರನ್ನೇ ಒಂದು ಮಾತು ಕೇಳಿದ್ದರೆ ನಮಗೆ ಪಂಪಿನ ವಿಷಯ ಅವತ್ತೇ ಗೊತ್ತಾಗ್ತಿತ್ತು.

ಈ ಕಥೆಯನ್ನ ಗುರುಗುಂಟಾದ ಅಕ್ಕನಿಗೂ ಹೇಳಿದೆವು. ಬೈತಾರೆ ಅಂದುಕೊಂಡಿದ್ದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಕಿ ಈಗ ಎಲ್ಲಿ ಅದಾಳ?” ಅಂದರು. ನಮಗೆ ಗೊತ್ತಿರಲಿಲ್ಲ. ವಾಪಸ್ ಬಂದ ಮೇಲೆ ಸೂಪರ್‌ವೈಸರ್ ಹತ್ತಿರ ಕೇಳಿದೆವು. ಬೇರೆ ಸೈಟಿಗೆ ಹಾಕಿದ್ದಾರೆ ಅಂದರು, ಯಾವ ಸೈಟು ಅಂದರೆ ಹೇಳಲಿಲ್ಲ. ಪಂಪು ಕೆಟ್ಟಿತ್ತು ಅಂತ ದಿನಾಂಕ ಹಾಕಿ ನಾವು ಹನ್ನೆರಡು ಜನ ಸಹಿ ಮಾಡಿ ಒಂದು ಪತ್ರ ಕೊಟ್ಟಿದ್ದೀವಿ. ಉತ್ತರ ಇನ್ನೂ ಬಂದಿಲ್ಲ.

ಗುರುಗುಂಟಾದಿಂದ ಹೊರಡುವ ದಿನ ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಒಟ್ಟಿಗೆ ಹಾಕಬಾರದು ಅಂತ ಒಂದು ಕಾಗದದ ಮೇಲೆ ದೊಡ್ಡದಾಗಿ ಬರೆದು ಅಕ್ಕನ ಕೈಗೆ ಕೊಟ್ಟೆವು, ಆಫೀಸಿನ ಸಾಮಾನಿನ ಕಪಾಟಿಗೆ ಅಂಟಿಸಲಿ ಅಂತ. ಅಕ್ಕ ಓದಿ ನೋಡಿ ವಾಪಸ್ ಕೊಟ್ಟರು. “ನನ್ನ ಜೋಡಿ ಬರಾಕಿಗೆ ಓದಾಕ ಬರಂಗಿಲ್ಲ ತಮ್ಮಾ. ಚಿತ್ರ ಬಿಡಿಸಿ ಕೊಡ್ರಿ.” ಬಸ್ ಬರೋದರೊಳಗೆ ಒಂದು ಡಬ್ಬಿ, ಒಂದು ಬಾಟಲಿ, ನಡುವೆ ಕೆಂಪು ಪೆನ್ನಿನಲ್ಲಿ ದೊಡ್ಡ ಇಂಟು ಮಾರ್ಕ್ ಹಾಕಿ ಕೊಟ್ಟೆವು.